ಹಾಲಿನ ಲೆಕ್ಕಕ್ಕೆ ಎರಡನೆಯ ಪ್ರತಿ

(ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಭಾಗದ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಮೇವು, ಕೆಚ್ಚಲು ಬಾವು, ಹಿಂಡಿಯ ದರ ಇವೆಲ್ಲ ಈ ವೇದಿಕೆಯಲ್ಲಿ ಪ್ರತಿ ಸಲ ಬರುವ ಮಾತು. ಇಂದು ನಾನು ಹಾಲು ಹಾಕಿದ ಮೇಲೆ ಉಳಿಯುವ ಲೆಕ್ಕದ ಬಗ್ಗೆ ಮಾತಾಡುತ್ತೇನೆ. ಹಾಲು ಟ್ಯಾಂಕರ್ ಹತ್ತಿ ಹೋದ ಮೇಲೆ ನಿಮ್ಮ ಕೈಯಲ್ಲಿ ಉಳಿಯುವುದು ಅದೊಂದೇ.

ಮೊದಲು ಹಾಲು ಶೇಖರಣಾ ರಿಜಿಸ್ಟರಿನಲ್ಲಿ ಕಾರ್ಯದರ್ಶಿ ಬರೆಯುತ್ತಿದ್ದರು, ನಿಮ್ಮ ಪಾಸ್ ಪುಸ್ತಕದಲ್ಲೂ ಬರೆಯುತ್ತಿದ್ದರು. ಯಾರೂ ಹಾಗೆಂದು ಹೆಸರಿಡದಿದ್ದರೂ ಅಲ್ಲಿ ಎರಡು ಪ್ರತಿ ತಾನಾಗಿ ಆಗುತ್ತಿತ್ತು. ಈಗ ಅನೇಕ ಸಂಘಗಳಲ್ಲಿ ತೂಕ, ಜಿಡ್ಡು, ಎಸ್.ಎನ್.ಎಫ್., ದರ ಎಲ್ಲವೂ ಯಂತ್ರದಲ್ಲಿ ದಾಖಲಾಗುತ್ತವೆ. ಕೆಲಸ ಬೇಗ ಆಗುತ್ತದೆ, ಗದ್ದಲ ಕಡಿಮೆ. ಆದರೆ ಹಳೆಯ ಎರಡನೆಯ ಪ್ರತಿ ಸದ್ದಿಲ್ಲದೆ ಹೋಗಿಬಿಟ್ಟಿದೆ. ಯಂತ್ರ ಕೊಡುವ ಚೀಟಿ ಇದೆಯಲ್ಲ ಎನ್ನಬಹುದು. ಆ ಕಾಗದ ಬಿಸಿಗೆ ಕಪ್ಪಾಗುವ ಜಾತಿಯದು. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿನಲ್ಲಿ ಗೋಡೆಗೆ ಸಿಕ್ಕಿಸಿಟ್ಟರೆ ಅಕ್ಷರವೇ ಉಳಿಯುವುದಿಲ್ಲ.

ಬಟವಾಡೆಯ ಹಿಂದಿನ ದಿನ ಸಿಡಿಲು ಬಡಿದು ಗಣಕಯಂತ್ರ ಸುಟ್ಟಿತೆನ್ನಿ. ಒಬ್ಬ ಸದಸ್ಯರು ಹೊತ್ತಿಗೆ 4 ಲೀಟರಿನಂತೆ 10 ದಿನ ಹಾಕಿದರೆ 80 ಲೀಟರ್. ಲೆಕ್ಕಕ್ಕಾಗಿ ಲೀಟರಿಗೆ 40 ರೂಪಾಯಿ ಹಿಡಿದರೆ 3,200 ರೂಪಾಯಿ. ಅಂಥವರು 60 ಜನ ಇದ್ದರೆ 1,92,000 ರೂಪಾಯಿ. ಹಾಲು ಸಾಗಣೆಯ ಪಟ್ಟಿಯಿಂದ ಒಕ್ಕೂಟಕ್ಕೆ ಗೊತ್ತಾಗುವುದು ಸಂಘದ ಒಟ್ಟು ಹಾಲು ಮಾತ್ರ. ಹಣ ಬರುತ್ತದೆ, ಆದರೆ ಯಾರಿಗೆಷ್ಟು ಎಂಬುದು ಊರಲ್ಲೇ ಕಳೆದುಹೋಗಿರುತ್ತದೆ.

ಆಗ ಎಲ್ಲರೂ ಹೇಳುವ ಉಪಾಯ, "ಹಿಂದಿನ ಬಟವಾಡೆಯ ಸರಾಸರಿ ಹಿಡಿದು ಕೊಟ್ಟುಬಿಡಿ" ಎಂದು. ಕೇಳಲು ನ್ಯಾಯವೆನಿಸುತ್ತದೆ. ಆದರೆ ಮೊನ್ನೆ ಎಮ್ಮೆ ಈದ ಮನೆಯವರಿಗೆ ಹಿಂದಿನ ಸಲ ಹಾಲೇ ಇರಲಿಲ್ಲ, ಅವರಿಗೆ ಸೊನ್ನೆ. ಎಮ್ಮೆ ಬತ್ತಿದ ಮನೆಯವರಿಗೆ ಹಾಕದ ಹಾಲಿಗೆ ದುಡ್ಡು. ಒಂದೇ ಎಮ್ಮೆಯ ಮೇಲೆ ಸಂಸಾರ ನಡೆಸುವ ತಾಯಂದಿರಿಗೇ ಏಟು ಹೆಚ್ಚು. ಬರೀ ಬಟವಾಡೆಯ ಮಾತೂ ಅಲ್ಲ: ಸರ್ಕಾರದ ಪ್ರೋತ್ಸಾಹಧನ, ವರ್ಷದ ಬೋನಸ್, ಬೈಲಾ ಪ್ರಕಾರ ಇಷ್ಟು ದಿನ ಹಾಲು ಹಾಕಿದವರಿಗೆ ಮತದ ಹಕ್ಕು, ಇವೆಲ್ಲ ನಿಂತಿರುವುದು ಅದೇ ದಾಖಲೆಯ ಮೇಲೆ.

ಪ್ರತಿ ಎಂದರೇನೆಂದು ನಮ್ಮ ಜಿಲ್ಲೆಯ ಕಲ್ಲೇ ಹೇಳುತ್ತದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1986ರಲ್ಲಿ ಕಾಳಿಗುಡಿಯ ಛಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಾಣಿಸಿತು. ಮೂರ್ತಿ ನಿಲ್ಲಿಸಲು ಕಲ್ಲಿಗೆ ತೂತು ಕೊರೆದಿದ್ದರಿಂದ ನಡುವಿನ ಅಕ್ಷರ ಹೋಗಿತ್ತು. ಆದರೂ ಅಲ್ಲಿ ಏನಿತ್ತೆಂದು ವಿದ್ವಾಂಸರಿಗೆ ತಿಳಿಯಿತು. ಏಕೆಂದರೆ ಅದೇ ಆಜ್ಞೆಗಳಲ್ಲಿ ಹಲವನ್ನು ದೂರದ ಒಡಿಶಾದ ಧೌಲಿ, ಜೌಗಡಗಳಲ್ಲೂ ಕೆತ್ತಿಸಲಾಗಿತ್ತು. ಎರಡೂ ಪ್ರತಿ ಸನ್ನತಿಯ ಗುಡಿಯಲ್ಲೇ ಇದ್ದಿದ್ದರೆ ಎರಡಕ್ಕೂ ಅದೇ ಉಳಿ ಬೀಳುತ್ತಿತ್ತೋ ಏನೋ.

ನಮ್ಮ ಸಂಘಗಳಲ್ಲಿ ನಾನು ಹೆಚ್ಚಾಗಿ ಕಾಣುವ ದೋಷ ಇದೇ. ಪೆನ್ ಡ್ರೈವಿನಲ್ಲಿ ಪ್ರತಿ ತೆಗೆಯುತ್ತಾರೆ, ಅದನ್ನು ಯಂತ್ರಕ್ಕೇ ಸಿಕ್ಕಿಸಿ ಬಿಡುತ್ತಾರೆ. ಸಿಡಿಲಿಗೆ, ವೈರಸ್‌ಗೆ, ಕಳ್ಳನಿಗೆ ಎರಡೂ ಒಟ್ಟಿಗೇ ಸಿಗುತ್ತವೆ. ಪ್ರತಿ ತೆಗೆದ ಕೂಡಲೆ ಕಳಚಿ ಬೇರೆ ಕಟ್ಟಡದಲ್ಲಿ ಇಡಬೇಕು. ಇನ್ನೊಂದು ಪ್ರತಿ ಬೇರೆ ಊರಿನಲ್ಲಿರಬೇಕು. ಎರಡು ಸಂಘಗಳು ಮುಚ್ಚಿದ ಲಕೋಟೆಯಲ್ಲಿ ಒಂದರದನ್ನು ಇನ್ನೊಂದು ಇಟ್ಟುಕೊಳ್ಳಬಹುದು, ಖರ್ಚಿಲ್ಲ. ಊರು ಆರಿಸುವಾಗ ಹೊಳೆ ನೋಡಿ ಆರಿಸಿ. 2020ರ ಅಕ್ಟೋಬರಿನಲ್ಲಿ ಕಾಗಿಣಾ ಉಕ್ಕಿ ಮಳಖೇಡದಲ್ಲಿ ಮನೆಗಳಿಗೆ ನೀರು ನುಗ್ಗಿದ್ದು ನಿಮಗೆ ನೆನಪಿರಬಹುದು. ಒಂದೇ ಹೊಳೆಯ ದಂಡೆಯ ಎರಡು ಊರುಗಳು ಪ್ರತಿ ಬದಲಾಯಿಸಿಕೊಂಡರೆ ಏನು ಬಂತು?

ಲೆಕ್ಕ ಅಂತರಜಾಲದ ಮೂಲಕ ಮೇಲಿನ ಕಚೇರಿಗೆ ಹೋಗುವ ಸಂಘಗಳಲ್ಲಿ ಅದೂ ಒಂದು ಪ್ರತಿಯೇ. ಆದರೆ ಸಿಗ್ನಲ್ ಇಲ್ಲದ ದಿನಗಳ ಲೆಕ್ಕ ಯಂತ್ರದಲ್ಲೇ ಉಳಿದಿರಬಹುದು. ಚಿಂಚೋಳಿಯ ಕಾಡಂಚಿನ ಊರುಗಳವರು ಇದನ್ನು ವಾರಕ್ಕೊಮ್ಮೆ ನೋಡಿಕೊಳ್ಳಲೇಬೇಕು.

ಎಷ್ಟು ಲೆಕ್ಕ ಕಳೆದರೆ ತಡೆದುಕೊಳ್ಳಬಹುದು ಎಂಬುದನ್ನು ಆಡಳಿತ ಮಂಡಳಿ ಮೊದಲೇ ತೀರ್ಮಾನಿಸಬೇಕು. ನನ್ನ ಅಭಿಪ್ರಾಯದಲ್ಲಿ ಒಂದು ಹೊತ್ತಿನದು, ಅದಕ್ಕಿಂತ ಹೆಚ್ಚಲ್ಲ. ಹಾಗಾದರೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪ್ರತಿ ತೆಗೆಯಲೇಬೇಕು. ಎಷ್ಟು ಬೇಗ ಕೆಲಸ ಶುರುವಾಗಬೇಕು ಎಂಬುದನ್ನು ನಾವು ತೀರ್ಮಾನಿಸುವಂತಿಲ್ಲ, ಅದನ್ನು ಎಮ್ಮೆಯೇ ತೀರ್ಮಾನಿಸಿದೆ. ಯಂತ್ರ ಕೆಟ್ಟಿತೆಂದು ಕರೆಯುವುದನ್ನು ನಿಲ್ಲಿಸಲಾಗುವುದಿಲ್ಲ. ಆದ್ದರಿಂದ ಸದಸ್ಯರ ಸಂಖ್ಯೆ-ಹೆಸರಿನ ಮುದ್ರಿತ ಪಟ್ಟಿ, ದರಪಟ್ಟಿ, ಗೆರೆ ಹಾಕಿದ ಒಂದು ರಿಜಿಸ್ಟರು, ಲ್ಯಾಕ್ಟೋಮೀಟರ್, ಜಿಡ್ಡು ಪರೀಕ್ಷೆಯ ಗರ್ಬರ್ ಸಾಮಾನು ಬೀರುವಿನಲ್ಲಿ ಸಿದ್ಧವಿರಬೇಕು. ದೆಹಲಿಯ ಏಮ್ಸ್‌ನಂಥ ದೊಡ್ಡ ಆಸ್ಪತ್ರೆಯ ಗಣಕಗಳ ಮೇಲೆ 2022ರ ನವೆಂಬರಿನಲ್ಲಿ ದಾಳಿಯಾದಾಗ ಅಲ್ಲಿಯೂ ಹಲವು ದಿನ ಕೈಬರಹದಲ್ಲೇ ಕೆಲಸ ನಡೆಸಬೇಕಾಯಿತು. ಪುಸ್ತಕ ಹಿಡಿಯಲು ನಾಚಬೇಕಾದದ್ದೇನಿಲ್ಲ.

ಇನ್ನು, ತೆಗೆದಿಟ್ಟ ಪ್ರತಿ ತೆರೆಯುತ್ತದೆಯೇ? ಬಹಳ ಕಡೆ ಯಾರೂ ತೆರೆದೇ ನೋಡಿರುವುದಿಲ್ಲ. ಬಿತ್ತುವ ಮೊದಲು ಹತ್ತು ಕಾಳು ತೊಗರಿ ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡುವುದಿಲ್ಲವೇ? ಹಾಗೆಯೇ ಮೂರು ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೊಂದು ಗಣಕದಲ್ಲಿ ತೆರೆದು, ಯಾವುದಾದರೂ ಐದು ಸದಸ್ಯರ ಹತ್ತು ದಿನದ ಲೆಕ್ಕವನ್ನು ಅವರ ಪಾಸ್ ಪುಸ್ತಕದೊಡನೆ ಹೋಲಿಸಿ, ಹೊಂದಿತೋ ಇಲ್ಲವೋ ಎಂದು ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ಗುಪ್ತಸಂಕೇತ ಕಾರ್ಯದರ್ಶಿಯೊಬ್ಬರ ತಲೆಯಲ್ಲಿ ಮಾತ್ರ ಇರಬಾರದು. ಅವರು ಜ್ವರ ಬಂದು ಮಲಗಿದರೆ ಸಂಘವೂ ಮಲಗುತ್ತದೆ. ಬರೆದು, ಅರಗು ಹಾಕಿ, ಅಧ್ಯಕ್ಷರ ವಶದಲ್ಲಿಡಿ.

ತಾಯಂದಿರೆ, ನಿಮ್ಮ ಪಾಲಿನ ಕೆಲಸ ಚಿಕ್ಕದು. ಚೀಟಿ ಕೈಗೆ ಬಂದ ದಿನವೇ ಅದರ ಲೀಟರು, ಜಿಡ್ಡು, ಮೊತ್ತವನ್ನು ಪಾಸ್ ಪುಸ್ತಕದಲ್ಲಿ ಪೆನ್ನಿನಿಂದ ಬರೆಯಿರಿ, ಇಲ್ಲವೆ ಶಾಲೆಗೆ ಹೋಗುವ ಮಕ್ಕಳಿಂದ ಬರೆಸಿರಿ. ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಎದ್ದು ನಿಂತು, "ನಮ್ಮ ಲೆಕ್ಕದ ಎರಡನೆಯ ಪ್ರತಿ ಯಾವ ಊರಲ್ಲಿದೆ, ಕಡೆಯ ಸಲ ಯಾವಾಗ ತೆರೆದು ನೋಡಿದಿರಿ?" ಎಂದು ಕೇಳಿರಿ. ಉತ್ತರವನ್ನು ನಡಾವಳಿಯಲ್ಲಿ ಬರೆಸಿರಿ.

ಸಂಜೆ ಹಾಲಿನ ಹೊತ್ತಾಯಿತು. ಗರ್ಬರ್ ಸಾಮಾನು ಯಾವ ಸಂಘದಲ್ಲಿ ಇಲ್ಲವೋ ಅವರು ಹೋಗುವ ಮುನ್ನ ವಿಸ್ತರಣಾಧಿಕಾರಿಗಳ ಬಳಿ ಹೆಸರು ಬರೆಸಿ ಹೋಗಬೇಕಾಗಿ ವಿನಂತಿ.