ಸುಮರಣವನ್ನು ಅಳೆಯುವುದುಂಟೆ?

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ರೋಗಿಗಳ ದಿನದಂದು ವಿಚಾರಣಾ ಗುರುಗಳು ಮಾಡಿದ ಭಾಷಣ)



ನಮ್ಮ ಹಿರಿಯರು ಸಂತ ಜೋಸೆಫರನ್ನು ಸುಮರಣದ ಪಾಲಕರೆಂದು ಕರೆದು, ಒಳ್ಳೆಯ ಮರಣಕ್ಕಾಗಿ ಅನುದಿನವೂ ಪ್ರಾರ್ಥಿಸಿದರು. ಆ ಒಳ್ಳೆಯ ಮರಣವೆಂಬುದು ಯಾವುದು, ಅದನ್ನು ಅಳೆಯಬಹುದೇ ಎಂದು ವೈದ್ಯಶಾಸ್ತ್ರವೂ ಈಗ ಕೇಳತೊಡಗಿದೆ. ಅಕ್ಕಿಯನ್ನು ಸೇರಿನಲ್ಲಿ ಅಳೆದಂತೆ ಮರಣವನ್ನೂ ಅಳೆಯುವರೇ ಎಂದು ಮೊದಲು ನನಗೂ ನಗು ಬಂದದ್ದುಂಟು.

1967ರಲ್ಲಿ ಲಂಡನ್ನಿನಲ್ಲಿ ಸಂತ ಕ್ರಿಸ್ಟೋಫರರ ಹೆಸರಿನ ಹಾಸ್ಪಿಸನ್ನು ತೆರೆದ ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆ, ಸಾಯುವವನ ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದು, ಸಂಸಾರದ್ದು, ಆತ್ಮದ್ದು ಕೂಡ ಎಂದು ತೋರಿಸಿದರು. ಅನಂತರ ಪ್ರಶ್ನಾವಳಿಗಳು ಹುಟ್ಟಿದವು. ಸೊನ್ನೆಯಿಂದ 10ರವರೆಗೆ ನಿಮ್ಮ ನೋವೆಷ್ಟು ಎಂದು ರೋಗಿಯನ್ನು ಕೇಳುವರು. ತೀರಿಕೊಂಡ ಬಳಿಕ ಮನೆಯವರನ್ನು ಕೇಳುವುದೂ ಉಂಟು: ನೋವು ಹಿಡಿತದಲ್ಲಿತ್ತೇ? ಪ್ರೀತಿಪಾತ್ರರು ಬಳಿಯಲ್ಲಿದ್ದರೇ? ಧರ್ಮಗುರು ಬಂದಿದ್ದರೇ? ಇಲ್ಲಿ ಉತ್ತರಿಸುವವರು ಬದುಕಿರುವವರು. ಅನುಭವಿಸಿದವನು ಸಾಕ್ಷಿ ಹೇಳಲಾರ. ಈ ಕೊರತೆಯನ್ನು ಮರೆಯಬಾರದು.

ದೇಶಗಳನ್ನೂ ಹೀಗೆ ತೂಗಿದ್ದಾರೆ. 2010ರಲ್ಲಿ 40 ದೇಶಗಳ ಪಟ್ಟಿಯಲ್ಲಿ ಭಾರತವು ಕಟ್ಟಕಡೆಯದಾಗಿತ್ತು. 2015ರಲ್ಲಿ 80 ದೇಶಗಳಲ್ಲಿ 67ನೆಯದು. ಅಲ್ಲಿ ಅಳೆದದ್ದು ಆತ್ಮದ ಶಾಂತಿಯನ್ನಲ್ಲ, ಔಷಧ, ಶುಶ್ರೂಷೆ, ಖರ್ಚುಗಳನ್ನು. ನಮ್ಮಲ್ಲಿ 1985ರ ಮಾದಕವಸ್ತು ಕಾನೂನಿನಿಂದಾಗಿ ನೋವು ನೀಗುವ ಮಾರ್ಫಿನ್ ರೋಗಿಗಳಿಗೆ ದುರ್ಲಭವಾಯಿತು. 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು. ನೆರೆಯ ಕೇರಳದಲ್ಲಾದರೋ, 1993ರಲ್ಲಿ ಕಲ್ಲಿಕೋಟೆಯಲ್ಲಿ ಆರಂಭವಾದ ಸೇವೆ ನೆರೆಹೊರೆಯ ಸ್ವಯಂಸೇವಕರಿಂದಲೇ ಮನೆಮನೆಗೆ ಹಬ್ಬಿತು.

ಇನ್ನು ನನ್ನ ಮಾತು. ಗುರುದೀಕ್ಷೆ ಪಡೆದ ಹೊಸತರಲ್ಲಿ, ಬೇರೊಂದು ಧರ್ಮಕೇಂದ್ರದಲ್ಲಿ, ಗಂಟಲಿನ ಕ್ಯಾನ್ಸರಿನಿಂದ ನರಳುತ್ತಿದ್ದ ರೈತರೊಬ್ಬರಿಗೆ ಅಭ್ಯಂಗ ಸಂಸ್ಕಾರವನ್ನು ನೀಡಿ, ನಿಮ್ಮ ಯಾತನೆಯನ್ನು ಶಿಲುಬೆಗೆ ಅರ್ಪಿಸಿರಿ ಎಂದು ಬೋಧಿಸಿದೆ. ಅವರು ಮಂಚದ ಪಟ್ಟಿಯನ್ನು ಬಿಗಿಯಾಗಿ ಹಿಡಿದು ನನ್ನನ್ನೇ ನೋಡುತ್ತಿದ್ದರು. ಬೋಧನೆ ತಪ್ಪಾಗಿರಲಿಲ್ಲ. ಆದರೆ ನೋವೆಷ್ಟು ಎಂದು ನಾನು ಕೇಳಲಿಲ್ಲ. ಪಟ್ಟಣದಿಂದ ಔಷಧ ತರಿಸಲು ಯತ್ನಿಸಲೂ ಇಲ್ಲ. ನೋವನ್ನು ನೀಗುವ ಉದ್ದೇಶದಿಂದ ಕೊಟ್ಟ ಔಷಧವು ಆಯುಷ್ಯವನ್ನು ತುಸು ಮೊಟಕುಗೊಳಿಸಬಹುದಾದರೂ ಅದು ಸಲ್ಲುವುದೆಂದು ಜಗದ್ಗುರು ಹನ್ನೆರಡನೆಯ ಪಿಯುಸರು 1957ರಲ್ಲೇ ಸ್ಪಷ್ಟಪಡಿಸಿದ್ದರು. ಅದನ್ನು ಗುರುಮಠದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಮಂಚದ ಬಳಿ ಅದು ನೆನಪಿಗೆ ಬರಲಿಲ್ಲ. ಆ ಕಣ್ಣುಗಳು ಮಾತ್ರ ಇಂದಿಗೂ ನೆನಪಿನಲ್ಲಿವೆ.

ಇನ್ನೊಂದು ಸಂಗತಿ. ಎಣ್ಣೆ ಹಚ್ಚಿದರೆ ಸಾವು ಬಂತೆಂದು ಹೆದರಿ, ಉಸಿರು ನಿಲ್ಲುವ ಹೊತ್ತಿಗೆ ನನಗೆ ಹೇಳಿಕಳುಹಿಸುತ್ತೀರಿ. ಅಂತ್ಯಾಭ್ಯಂಗವೆಂಬ ಹೆಸರಿಗಿಂತ ರೋಗಿಗಳ ಅಭ್ಯಂಗವೆಂಬುದೇ ತಕ್ಕದ್ದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ಹೇಳಿ ದಶಕಗಳೇ ಕಳೆದಿವೆ. ರೋಗಿಗೆ ಮಾತನಾಡುವ ತ್ರಾಣವಿರುವಾಗಲೇ ಕರೆಯಿರಿ. ಪ್ರತಿ ತಿಂಗಳ ಮೊದಲ ಶುಕ್ರವಾರ ಪರಮಪ್ರಸಾದವನ್ನು ತೆಗೆದುಕೊಂಡು ಮನೆಗಳಿಗೆ ಬರುವಾಗ ನಾನೀಗ ಮೊದಲು ನೋವಿನ ಪ್ರಶ್ನೆಯನ್ನೇ ಕೇಳುತ್ತೇನೆ. ನಮ್ಮ ಯುವಕರಲ್ಲಿ ಇಬ್ಬರು ಜೊತೆಗೆ ಬರುವುದಾದರೆ, ಉತ್ತರವನ್ನು ಬರೆದುಕೊಂಡು ಅಂದೇ ವೈದ್ಯರಿಗೆ ಮುಟ್ಟಿಸಬಹುದು. ಬರುವವರು ಪೂಜೆಯ ನಂತರ ನನ್ನನ್ನು ಕಾಣಿರಿ.