ಬಟ್ಟೆಯೂ ರಾಳವೂ

ಮೋಟಾರು ಕಾರಿನೊಳಗೆ ಕುಳಿತವರ ಕಣ್ಣೆದುರಿಗೇ ಇದ್ದರೂ ಯಾರೂ ನೋಡದೆ ಬಿಡುವ ಕೆಲವು ಭಾಗಗಳುಂಟು. ಗೇರಿನ ಕೋಲನ್ನು ಸುತ್ತುವರಿದ ಚೌಕಟ್ಟು, ಬಾಗಿಲ ಹಿಡಿಕೆಯ ಹಿಂದಿನ ಪಟ್ಟಿ, ಗಾಳಿ ಬರುವ ಕಿಂಡಿಯ ಅಂಚು. ಇವಿಲ್ಲದೆಯೂ ಕಾರು ಓಡೀತು. ಒಳಗಿನ ತಂತಿ, ತಿರುಪುಗಳನ್ನು ಮರೆಮಾಡುವುದಷ್ಟೇ ಇವುಗಳ ಕೆಲಸ. ಇಂಥ ಪ್ಲಾಸ್ಟಿಕ್ ಭಾಗಗಳನ್ನು ಬಿಚ್ಚಿ ತೆಗೆದು, ಚಿತ್ತಾರದ ಬಟ್ಟೆ ಹೊದಿಸಿ, ಅದರ ಮೇಲೆ ರಾಳವೆರೆದು, ಗಾಜಿನಂತೆ ಹೊಳೆಯುವಂತೆ ಮಾಡಿ ಮತ್ತೆ ಕೂರಿಸುವ ಹವ್ಯಾಸವೊಂದು ಇದೆ. ಆ ವಿಷಯವಾಗಿ ನಾನು ಮಾತನಾಡಲು ಹೊರಟದ್ದಕ್ಕೆ ಕಾರಣ ನನ್ನ ತಂಗಿಯ ಮಗ.

ಅವನು ಹಳೆಯ ಕಾರೊಂದನ್ನು ಕೊಂಡಿದ್ದ. ಗೇರಿನ ಚೌಕಟ್ಟಿಗೂ ಎರಡು ಬಾಗಿಲ ಪಟ್ಟಿಗಳಿಗೂ ಹೊದಿಸಲೆಂದು ಅವನು ಆರಿಸಿಕೊಂಡದ್ದು ಗುಳೇದಗುಡ್ಡದ ಖಣ. ಅಂಗಡಿಯಿಂದ ತಂದುದಲ್ಲ. ನನ್ನ ತಾಯಿಗೆ ಎಂದೋ ಯಾರೋ ಉಡಿ ತುಂಬಿ ಕೊಟ್ಟದ್ದು. ಹೊಲಿಸದೆ ಟ್ರಂಕಿನ ತಳದಲ್ಲಿ ಉಳಿದದ್ದು. ಕಡುಗೆಂಪು ನೆಲದ ಮೇಲೆ ಸಾಲುಸಾಲಾಗಿ ತೇರು. ಗುಳೇದಗುಡ್ಡದ ನೇಕಾರರು ತಮ್ಮ ಚಿತ್ತಾರಗಳನ್ನು ತೇರು, ತೊಟ್ಟಿಲು, ಆನೆಹೆಜ್ಜೆ ಎಂದು ಕರೆಯುತ್ತಾರೆ. ಹಾಸಿನಲ್ಲಿ ಹೆಚ್ಚಿನ ಎಳೆಗಳನ್ನು ಸೇರಿಸಿ ನೇಯುವುದರಿಂದ ಆ ಚಿತ್ತಾರ ಬಟ್ಟೆಯ ಮೇಲೆ ಅಚ್ಚೊತ್ತಿದ್ದಲ್ಲ, ಬಟ್ಟೆಯೊಡನೆಯೇ ಹುಟ್ಟಿದ್ದು. ಕುಪ್ಪಸವಾಗಬೇಕಾದುದು ಗೇರಿನ ಚೌಕಟ್ಟಾಗುವುದೆ ಎಂದು ನಾನು ಗದರಿದೆ.

"ಮಾಮಾ, ಟ್ರಂಕಿನ್ಯಾಗ ಇಟ್ಟು ಹುಳಕ್ಕ ಹಾಕೂದಕಿಂತ ಇದು ಚಲೋ ಅಲ್ಲೇನು?" ಎಂದ.

ಉತ್ತರ ಹೊಳೆಯಲಿಲ್ಲ. ಸಿಟ್ಟಿನಿಂದಲೇ ಎರಡು ದಿನ ಅವನ ಪಕ್ಕದಲ್ಲಿ ಕುಳಿತು ನೋಡಿದೆ. ಕೆಲಸ ಸುಲಭದ್ದಲ್ಲವೆಂಬುದನ್ನು ಒಪ್ಪಬೇಕು. ನುಣುಪಾದ ಪ್ಲಾಸ್ಟಿಕ್ಕಿಗೆ ರಾಳ ಕಚ್ಚುವುದಿಲ್ಲ. ಮೊದಲು ಉಪ್ಪುಕಾಗದದಿಂದ ಉಜ್ಜಿ ಅದರ ಹೊಳಪನ್ನು ಕೊಲ್ಲಬೇಕು. ಎಪಾಕ್ಸಿ ಎಂಬ ಆ ರಾಳ ಎರಡು ದ್ರವಗಳ ಕೂಡಿಕೆ. ಎರಡನ್ನೂ ಹೇಳಿದ ಪ್ರಮಾಣದಲ್ಲಿಯೇ ತೂಗಿ ಬೆರೆಸಬೇಕು. ಗಟ್ಟಿಮಾಡುವ ದ್ರವವನ್ನು ಹೆಚ್ಚು ಸುರಿದರೆ ಬೇಗ ಗಟ್ಟಿಯಾದೀತೆಂಬುದು ಭ್ರಮೆ; ಆಗ ಅದು ಎಂದಿಗೂ ಸರಿಯಾಗಿ ಗಟ್ಟಿಯಾಗುವುದಿಲ್ಲ. ಒಂದೇ ಪಾತ್ರೆಯಲ್ಲಿ ಬಹಳ ಕಲಸಿಟ್ಟರೆ ತಾನೇ ಕಾದು ಹೊಗೆಯಾಡುವುದೂ ಉಂಟು.

ಮೊದಲ ಲೇಪ ಕೊಟ್ಟ ಮೇಲೆ ಕಾಯಬೇಕು. ಬೆರಳಿಗೆ ಅಂಟಬೇಕು, ಆದರೆ ಬೆರಳಿನೊಡನೆ ಎದ್ದು ಬರಬಾರದು. ಬಟ್ಟೆ ಹಾಸಲು ಅದೇ ಮುಹೂರ್ತ. ಒತ್ತಾಗಿ ನೇಯ್ದ ಖಣ ಉಬ್ಬುತಗ್ಗುಗಳಿಗೆ ಬೇಗ ಬಗ್ಗುವುದಿಲ್ಲ. ಓರೆಯಾಗಿ ಎಳೆದರೆ ಬಗ್ಗೀತು, ಆಗ ತೇರುಗಳ ಸಾಲು ಸೊಟ್ಟಗಾಗುತ್ತದೆ. ನಡುವಿನಿಂದ ಅಂಚಿಗೆ ಸವರುತ್ತ, ಮೂಲೆಗಳಲ್ಲಿ ಹಿಂಬದಿಗೆ ಮಾತ್ರ ಕತ್ತರಿಯ ಕಚ್ಚು ಕೊಟ್ಟು ಮಡಿಚುತ್ತ, ಹುಡುಗ ಒಂದು ಗಂಟೆ ಉಸಿರು ಬಿಗಿಹಿಡಿದು ಕೆಲಸ ಮಾಡಿದ.

ಅನಂತರ ಬಟ್ಟೆಯ ಮೇಲೆ ರಾಳವೆರೆದಾಗ ಒಂದು ವಿಚಿತ್ರ ನಡೆಯಿತು. ಖಣದ ಕೆಂಪು ಕಣ್ಣೆದುರಿಗೇ ಕಪ್ಪೇರಿತು. ಒದ್ದೆಯಾದ ಬಟ್ಟೆ ಗಾಢವಾಗಿ ಕಾಣುವುದಿಲ್ಲವೆ, ಹಾಗೆ. ಒಣಬಟ್ಟೆಯಲ್ಲಿ ಎಳೆಗಳ ನಡುವಣ ಗಾಳಿ ಬೆಳಕನ್ನು ಚೆದುರಿಸುತ್ತದೆ. ಗಾಳಿಯ ಜಾಗದಲ್ಲಿ ರಾಳ ತುಂಬಿದೊಡನೆ ಬೆಳಕು ಚೆದುರದೆ ಒಳಕ್ಕೆ ಇಳಿಯುತ್ತದೆ. ತೆಳು ಬಟ್ಟೆಯಾದರೆ ಅಡಿಯ ಬಣ್ಣವೂ ಕಾಣತೊಡಗುತ್ತದೆ. ಗಾಜಿನ ನೂಲಿನ ಬಟ್ಟೆಯಂತೂ ರಾಳದಲ್ಲಿ ಮುಳುಗಿ ಮಾಯವೇ ಆಗುತ್ತದೆ. ನೀರಿನಲ್ಲಿ ನೆನೆದ ಬಟ್ಟೆ ಒಣಗಿ ತನ್ನ ಬಣ್ಣಕ್ಕೆ ಮರಳುತ್ತದೆ. ರಾಳದಲ್ಲಿ ನೆನೆದುದು ಹಾಗೆ ನೆನೆದಂತೆಯೇ ಉಳಿಯುತ್ತದೆ.

ಅಲ್ಲಿಂದ ಮುಂದಿನದು ತಾಳ್ಮೆಯ ಕೆಲಸ: ಲೇಪದ ಮೇಲೆ ಲೇಪ, ಒರಟು ಕಾಗದದಿಂದ ಆರಂಭಿಸಿ 2000ನೆಯ ನಂಬರಿನ ನಯವಾದ ಕಾಗದದವರೆಗೆ ನೀರು ಹಾಕಿ ಉಜ್ಜುವುದು. ಒಂದೆಡೆ ಕೈ ಭಾರವಾದರೆ ಎಳೆ ಕತ್ತರಿಸಿಹೋಗುತ್ತದೆ. ಬಿಸಿಲಿಗೆ ರಾಳ ಹಳದಿಯಾಗುವುದರಿಂದ ಅದನ್ನು ತಡೆಯುವ ಬೇರೊಂದು ಲೇಪ ಕೊನೆಗೆ ಬೇಕು. ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅಪಘಾತದಲ್ಲಿ ಉಬ್ಬಿಬರುವ ಗಾಳಿಚೀಲದ ಮುಚ್ಚಳಗಳ ತಂಟೆಗೆ ಹೋಗಬಾರದು. ಅವುಗಳ ಮೇಲೆ ಗಟ್ಟಿ ರಾಳವಿದ್ದರೆ ಅದು ಚೂರಾಗಿ ಮುಖಕ್ಕೆ ಹಾರೀತು.

ಬಟ್ಟೆಗೆ ರಾಳ ಕುಡಿಸುವ ವಿದ್ಯೆ ಹೊಸದಲ್ಲ. ಜಪಾನಿನ ನಾರಾ ನಗರದ ಕೋಫುಕುಜಿ ದೇವಾಲಯದಲ್ಲಿ ಮೂರು ಮುಖ, ಆರು ಕೈಗಳ ಅಶುರನ ವಿಗ್ರಹವಿದೆ, ಕ್ರಿ.ಶ. 734ರದು. ಹೆಸರು ನಮ್ಮ 'ಅಸುರ'ನದೇ. ಮಣ್ಣಿನ ಅಚ್ಚಿನ ಮೇಲೆ ಅರಗಿನ ಮರದ ಹಾಲಿನಲ್ಲಿ ನೆನೆಸಿದ ಸೆಣಬಿನ ಬಟ್ಟೆಯನ್ನು ಪದರಪದರವಾಗಿ ಹೊದಿಸಿ, ಒಣಗಿದ ಮೇಲೆ ಒಳಗಿನ ಮಣ್ಣನ್ನು ತೆಗೆದುಬಿಟ್ಟಿದ್ದಾರೆ. ಎಂದರೆ ಆ ವಿಗ್ರಹ ಒಳಗೆ ಟೊಳ್ಳು; ಬಟ್ಟೆಯೇ ಅದರ ಮೈ. ಹಗುರವಾದುದರಿಂದಲೇ ದೇವಾಲಯಕ್ಕೆ ಬೆಂಕಿ ಬಿದ್ದಾಗ ಅದನ್ನು ಹೊತ್ತು ಸಾಗಿಸಲಾಯಿತೆಂದು ಹೇಳುತ್ತಾರೆ. ನಮ್ಮ ಕೊಪ್ಪಳದ ಬಳಿಯ ಕಿನ್ನಾಳದಲ್ಲಿಯೂ ಚಿತ್ರಗಾರರು ಮರದ ಗೊಂಬೆಯ ಮೈಮೇಲೆ ಅರಿವೆಯ ಚೂರುಗಳನ್ನು ಅಂಟಿಸಿ, ಮೇಲೆ ಕಲ್ಲುಪುಡಿಯ ಸರಿ ಬಳಿದು, ಆಮೇಲೆಯೇ ಬಣ್ಣಕ್ಕೆ ಕೈಹಾಕುತ್ತಾರೆ.

ಕಾರುಗಳಿಗೂ ಈ ನಂಟು ಹಳೆಯದು. ಪೂರ್ವ ಜರ್ಮನಿಯ ತ್ಸ್ವಿಕಾವ್ ಪಟ್ಟಣದಲ್ಲಿ 1957ರಿಂದ 1991ರವರೆಗೆ ತಯಾರಾದ ಟ್ರಾಬಾಂಟ್ ಕಾರಿನ ಹೊರಮೈ ಉಕ್ಕಿನದಲ್ಲ. ಉಕ್ಕಿನ ಹಾಳೆಗೆ ಬರವಿತ್ತು. ಹತ್ತಿಯ ಗಿರಣಿಗಳಲ್ಲಿ ಉಳಿದ ಅರಳೆಯನ್ನು ಫೀನಾಲ್ ರಾಳದೊಡನೆ ಬಿಸಿ ಅಚ್ಚಿನಲ್ಲಿ ಒತ್ತಿ ಬಾಗಿಲು, ಮುಚ್ಚಳಗಳನ್ನು ಮಾಡಿದರು. ಇಂಥ 30 ಲಕ್ಷಕ್ಕೂ ಹೆಚ್ಚು ಕಾರುಗಳು ಓಡಿದವು. ಆ ಹತ್ತಿ ಯಾರ ಕಣ್ಣಿಗೂ ಬೀಳಲಿಲ್ಲ. ಆದರೆ ಭಾರ ಹೊತ್ತಿತು. ನನ್ನ ಸೋದರಳಿಯನ ಖಣ ಎಲ್ಲರ ಕಣ್ಣಿಗೂ ಬೀಳುತ್ತದೆ, ಹೊರುವುದೇನೂ ಇಲ್ಲ. ಚೌಕಟ್ಟು ಮೊದಲೇ ಗಟ್ಟಿಯಾಗಿತ್ತು.

ಹಾಗೆಂದು ನಾನು ಅದನ್ನು ಹಳಿಯಲಾರೆ. ಮರದ ಗೆರೆಗಳನ್ನು ಅಚ್ಚೊತ್ತಿದ ಹಾಳೆಯನ್ನು ಪ್ಲಾಸ್ಟಿಕ್ಕಿಗೆ ಅಂಟಿಸಿ ತೇಗವೆಂದು ಮಾರುವ ಕಾರುಗಳಿಗಿಂತ ಇದು ಎಷ್ಟೋ ಮೇಲು. ಖಣ ಖಣವಾಗಿಯೇ ಇದೆ. ನನ್ನನ್ನು ಕಾಡಿದ ಸಂಗತಿ ಬೇರೆ. ಎಪಾಕ್ಸಿ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಟ್ರಾಬಾಂಟಿನ ರಾಳವೂ ಅದೇ ಜಾತಿಯದು. ಕಾಲ ಮುಗಿದ ಮೇಲೆ ಅದನ್ನು ಕರಗಿಸಿ ಎರಕ ಹೊಯ್ಯುವಂತಿರಲಿಲ್ಲ, ಬೇಡವಾದ ಆ ಮೈಯನ್ನು ಏನು ಮಾಡುವುದೆಂಬುದೇ ಸಮಸ್ಯೆಯಾಯಿತು. ನನ್ನ ತಾಯಿಯ ಖಣವನ್ನೂ ಇನ್ನು ಒಗೆಯುವಂತಿಲ್ಲ, ಹರಿದರೆ ಹೊಲಿಯುವಂತಿಲ್ಲ, ಯಾರ ಉಡಿಗೂ ಹಾಕುವಂತಿಲ್ಲ. ಹುಳು ತಿನ್ನುವುದಿಲ್ಲವೆಂಬುದು ನಿಜ. ಹುಡುಗನ ಮಾತಿಗೆ ಉತ್ತರ ನನಗೆ ಈಗಲೂ ಹೊಳೆದಿಲ್ಲ.

ಚೌಕಟ್ಟನ್ನು ಕೂರಿಸಿದ ದಿನ ನನ್ನ ತಂಗಿ ಬಂದು ಮುಂದಿನ ಸೀಟಿನಲ್ಲಿ ಕುಳಿತಳು. ತೇರುಗಳು ಒಂದೂ ಸೊಟ್ಟಗಾಗದೆ ನೆಟ್ಟಗೆ ನಿಂತಿದ್ದವು. ಮಗನ ಕೈಗೆಲಸವನ್ನು ಹೊಗಳಿದಳು. ಬಟ್ಟೆ ಕಂಡವರು ಸವರಿ ನೋಡುವುದು ವಾಡಿಕೆಯಲ್ಲವೆ? ಅವಳೂ ಸವರಿದಳು. ಎಳೆ ಸಿಗಲಿಲ್ಲ, ತಣ್ಣನೆಯ ನುಣುಪು ಸಿಕ್ಕಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ಉಳಿದ ತುಣಕ ಎಲ್ಲದ?" ಎಂದಳು. ಬಾಗಿಲ ಪಟ್ಟಿಗಳಿಗೆಂದು ಹುಡುಗ ತೆಗೆದಿಟ್ಟಿದ್ದ ತುಂಡು ಮೇಜಿನ ಮೇಲಿತ್ತು. ಅದನ್ನು ಮಡಿಚಿಕೊಂಡು ಒಳಗೆ ಹೋದಳು.

ಬಾಗಿಲ ಪಟ್ಟಿಗಳು ಇನ್ನೂ ಬೂದು ಬಣ್ಣದವಾಗಿಯೇ ಇವೆ.