ದುಡ್ಡಿನ ಮಾತನ್ನು ಮೊದಲ ದಿನವೇ ಆಡಿ

(ಹೊರರೋಗಿಗಳು ಮತ್ತು ಅವರ ಕಡೆಯವರಿಗಾಗಿ ನಮ್ಮ ನರ್ಸಿಂಗ್ ಶಿಕ್ಷಕಿ ಮಾಡಿದ ಭಾಷಣ)



ಕಾಯಿಲೆಯ ವಿಷಯ ಡಾಕ್ಟರು ಹೇಳುತ್ತಾರೆ. ನಾನು ಹೇಳಬೇಕಾದದ್ದು ಖರ್ಚಿನ ವಿಷಯ. ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ಜನ ಆಸ್ಪತ್ರೆಯಲ್ಲಿ ಎಲ್ಲವನ್ನೂ ಹೇಳಿಕೊಳ್ಳುತ್ತಾರೆ, "ಕೈಯಲ್ಲಿ ಕಾಸಿಲ್ಲ" ಎಂಬುದೊಂದನ್ನು ಬಿಟ್ಟು.

ಅಜ್ಜಂಪುರದ ಕಡೆಯಿಂದ ಒಬ್ಬ ಅಜ್ಜಿ ಬರುತ್ತಿದ್ದರು. ಸಕ್ಕರೆ ಕಾಯಿಲೆ, ಕಾಲ್ಬೆರಳಲ್ಲಿ ಗಾಯ. ದಿನ ಬಿಟ್ಟು ದಿನ ಡ್ರೆಸ್ಸಿಂಗಿಗೆ ಬರಲು ಹೇಳಿದ್ದೆ. ಎರಡು ಸಲ ಬಂದರು, ಆಮೇಲೆ ಮೂರು ವಾರ ಪತ್ತೆಯಿಲ್ಲ. ಮಗ ಕರೆತಂದಾಗ ಬೆರಳು ಕಪ್ಪಾಗಿತ್ತು, ತೆಗೆಯಲೇಬೇಕಾಯಿತು. ಯಾಕಜ್ಜಿ ಬರಲಿಲ್ಲ ಎಂದರೆ, "ಈರುಳ್ಳಿ ಇನ್ನೂ ಮಾರಿರ್ಲಿಲ್ಲ ಕಣವ್ವ, ಬರಿಗೈಲಿ ಹೆಂಗ್ ಬರ್ಲಿ" ಎಂದರು. ಎರಡು ಹೊತ್ತಿನ ಮಾತ್ರೆಯನ್ನೂ ಒಂದೇ ಹೊತ್ತು ನುಂಗಿ ಉಳಿಸಿದ್ದರು. ತಪ್ಪು ನನ್ನದೂ ಇತ್ತು. ತಾರೀಖು ಬರೆದುಕೊಟ್ಟೆನೇ ಹೊರತು, ಬರಲು ಅನುಕೂಲವಿದೆಯೇ ಎಂದು ಕೇಳಲಿಲ್ಲ. ಈಗ ಎಲ್ಲರನ್ನೂ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಧರ್ಮಾಸ್ಪತ್ರೆ ಎಂದರೆ ಎಲ್ಲವೂ ಪುಕ್ಕಟೆ ಎಂದುಕೊಂಡು ಬರುವವರಿದ್ದಾರೆ. ಹಾಗಲ್ಲ. ಔಷಧಿ, ಹತ್ತಿ, ಪರೀಕ್ಷೆಯ ಸಾಮಾನು ಎಲ್ಲವನ್ನೂ ನಾವೂ ಕೊಂಡೇ ತರಬೇಕು. ಆದರೆ ದರ ಗುಟ್ಟಿನದಲ್ಲ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಖಾಸಗಿ ಆಸ್ಪತ್ರೆಗಳು ದರಗಳನ್ನು ಜನರಿಗೆ ಕಾಣುವಂತೆ ಹಾಕಬೇಕು. ಓದಲು ಬಾರದಿದ್ದರೆ ಓದಿಸಿ ಕೇಳಿ. 2017ರ ತಿದ್ದುಪಡಿಯಂತೆ ತುರ್ತು ಸಮಯದಲ್ಲಿ ಮುಂಗಡ ಕಟ್ಟಲೇಬೇಕೆಂದು ಒತ್ತಾಯಿಸುವಂತಿಲ್ಲ. ಬಾಕಿ ಇದೆ ಎಂದು ಶವವನ್ನು ತಡೆದು ಇಟ್ಟುಕೊಳ್ಳುವಂತೆಯೂ ಇಲ್ಲ. ಎದೆನೋವು ಬಂದಾಗ ದುಡ್ಡು ಹೊಂಚಲು ಊರೆಲ್ಲ ಸುತ್ತುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಆ ಆಂಬುಲೆನ್ಸಿಗೆ ಬಾಡಿಗೆ ಇಲ್ಲ.

ಇನ್ನು ಕಾರ್ಡುಗಳು. ಬಿಪಿಎಲ್ ಪಡಿತರ ಚೀಟಿ ಇದ್ದವರಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ನಿಗದಿತ ದರದ ಶೇ. 30ರಷ್ಟು ಸರ್ಕಾರ ಕೊಡುತ್ತದೆ, ಉಳಿದದ್ದು ನಿಮ್ಮದು. ಇಲ್ಲೇ ಬಹಳ ಜನ ಎಡವುವುದು: ತುರ್ತಲ್ಲದ ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗಿ ದಾಖಲಾದ ಮೇಲೆ ಚೀಟಿಗಾಗಿ ವಾಪಸು ಓಡಿಬರುವ ಮಕ್ಕಳನ್ನು ನೋಡಿ ಸಾಕಾಗಿದೆ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ಶುರುವಾಗಿ 2018ರಲ್ಲಿ ನಿಂತಿದ್ದ ಯೋಜನೆ 2022–23ರಲ್ಲಿ ಮತ್ತೆ ಬಂತು. ವರ್ಷವರ್ಷವೂ ಸೊಸೈಟಿಯಲ್ಲಿ ನವೀಕರಿಸಬೇಕು. ಹಳೇ ಕಾರ್ಡು ಟ್ರಂಕಿನಲ್ಲಿದ್ದರೆ ಪ್ರಯೋಜನವಿಲ್ಲ. ಯಾವ ಕಾರ್ಡು ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂಬುದನ್ನು ದಾಖಲಾಗುವ ಮೊದಲೇ ಕೇಳಿಕೊಳ್ಳಿ.

ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ. ಆಯಾಗಳಿಗಾಗಲಿ ವಾರ್ಡ್ ಬಾಯ್‌ಗಾಗಲಿ ಕೈಗೆ ದುಡ್ಡು ತುರುಕಬೇಡಿ, ನನಗಂತೂ ಬೇಡವೇ ಬೇಡ. ರಾತ್ರಿ ರೋಗಿಯ ಹತ್ತಿರ ಒಬ್ಬರೇ ಇರಿ. ಇಬ್ಬರು ಮೂವರಾದರೆ ಪಕ್ಕದ ಮಂಚದವರಿಗೆ ನಿದ್ದೆ ಇರುವುದಿಲ್ಲ.

ಬಿಲ್ಲಿಗೆ ಹೆದರಿ, ಹೇಳದೆ ಕೇಳದೆ ಬೆಳಗಿನ ಬಸ್ಸು ಹತ್ತಿ ಹೋಗಬೇಡಿ. ಹೇಳಿದರೆ ತಡೆಯಬಹುದಾದ ಪರೀಕ್ಷೆ ಯಾವುದು, ಕಡಿಮೆ ಬೆಲೆಯ ಜನೌಷಧಿ ಮಾತ್ರೆ ಆಗುತ್ತದೆಯೇ, ಡ್ರೆಸ್ಸಿಂಗನ್ನು ನಿಮ್ಮೂರಿನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾಡಿಸಬಹುದೇ ಎಂದು ಡಾಕ್ಟರನ್ನು ಕೇಳಿ ದಾರಿ ಹುಡುಕಬಹುದು. ಆ ಅಜ್ಜಿಗೆ ಈಗ ಹಾಗೇ ಮಾಡಿದ್ದೇವೆ. ತಿಂಗಳಿಗೊಮ್ಮೆ ಮಾತ್ರ ಇಲ್ಲಿಗೆ ಬರುತ್ತಾರೆ.

ಕೌಂಟರಿನಲ್ಲಿ ನಾಲ್ಕು ಜನರ ಮುಂದೆ ಹೇಳಲು ಸಂಕೋಚವಾದರೆ ಡ್ರೆಸ್ಸಿಂಗ್ ಕೋಣೆಗೆ ಬನ್ನಿ. ಬಾಗಿಲು ಮುಂದೆ ಮಾಡಿಕೊಂಡು ಮಾತಾಡೋಣ.